ಪಿಜಿ ಡಾಕ್ಟರು ಮಾಡುವ ಕಣ್ಣಿನ ಲೇಸರ್: ಅಂಜಬೇಕಾದದ್ದು ಎಲ್ಲಿ?

ಹುಬ್ಬಳ್ಳಿ-ಧಾರವಾಡದ ಬೋಧನಾ ಆಸ್ಪತ್ರೆಗಳಲ್ಲಿ ಕಣ್ಣಿನ ವಿಭಾಗದ ಹೊರಗಿನ ಬೆಂಚಿನ ಮೇಲೆ ಅರ್ಧ ದಿನ ಕುಳಿತರೆ ಒಂದು ಪ್ರಶ್ನೆ ಕಿವಿಗೆ ಬಿದ್ದೇ ಬೀಳುತ್ತದೆ: ‘ಒಳಗೆ ಇರುವವರು ದೊಡ್ಡ ಡಾಕ್ಟರೋ, ಸಣ್ಣ ಡಾಕ್ಟರೋ?’ ನವಲಗುಂದದಿಂದ, ಶಿಗ್ಗಾಂವಿಯಿಂದ, ಮುಂಡರಗಿಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದವರ ಪ್ರಶ್ನೆ ಅದು. ಸಣ್ಣ ಡಾಕ್ಟರು ಎಂದರೆ ಎಂಬಿಬಿಎಸ್ ಮುಗಿಸಿ, ನೇತ್ರಶಾಸ್ತ್ರದಲ್ಲಿ ಮೂರು ವರ್ಷದ ಎಂಎಸ್ ಓದುತ್ತಿರುವ ಪಿಜಿ ವಿದ್ಯಾರ್ಥಿಗಳು. ಕನ್ನಡಕದ ನಂಬರ್ ನೋಡುವವರು, ಹನಿ ಹಾಕುವವರು ಅವರಾದರೆ ಯಾರಿಗೂ ಚಿಂತೆಯಿಲ್ಲ. ಲೇಸರ್ ಎಂಬ ಮಾತು ಬಂದ ಕೂಡಲೇ ಎದೆ ಡವಗುಟ್ಟುತ್ತದೆ.

ಈ ಅಂಜಿಕೆಯನ್ನು ಅಜ್ಞಾನವೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮ ಮನೆಯಲ್ಲೇ ಅದನ್ನು ಅನುಭವಿಸಿದ್ದೇವೆ. ಆದರೆ ಅಂಜಿಕೆ ನಿಲ್ಲಬೇಕಾದ ಜಾಗದಲ್ಲಿ ನಿಂತಿಲ್ಲ ಎಂದು ಈಗ ನನಗೆ ಬಲವಾಗಿ ಅನ್ನಿಸುತ್ತದೆ. ಕೋನ ಮುಚ್ಚುವ ಗ್ಲಾಕೋಮಾಕ್ಕೆ, ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ರೋಗಕ್ಕೆ, ಮಾಡುವ ಲೇಸರ್‌ನಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು ಗುಂಡಿ ಒತ್ತುವ ಕೈಯ ಬಗ್ಗೆ ಕಡಿಮೆ. ಒತ್ತುವ ಮೊದಲಿನ ಪರೀಕ್ಷೆಯ ಬಗ್ಗೆ, ಒತ್ತಿದ ಮೇಲಿನ ಒಂದು ಗಂಟೆಯ ಬಗ್ಗೆ ಹೆಚ್ಚು.

ಮೊದಲು ರೋಗ ಏನೆಂದು ನೋಡೋಣ. ನಮ್ಮ ಕಡೆಯ ಕೆರೆಗಳನ್ನು ನೆನಪಿಸಿಕೊಳ್ಳಿ: ಹಳ್ಳದಿಂದ ನೀರು ಬರುತ್ತದೆ, ತೂಬಿನಿಂದ ಹೊರಗೆ ಹೋಗುತ್ತದೆ. ಕಣ್ಣಿನೊಳಗೂ ಹೀಗೆಯೇ ತಿಳಿನೀರಿನಂಥ ದ್ರವವೊಂದು ಹಗಲಿರುಳು ಊರುತ್ತಿರುತ್ತದೆ. ಬಣ್ಣದ ಪರದೆಯಾದ ಐರಿಸ್‌ನ ಹಿಂದೆ ಅದು ಹುಟ್ಟುತ್ತದೆ, ಪಾಪೆಯ ಮೂಲಕ ಮುಂದಕ್ಕೆ ಬರುತ್ತದೆ, ಐರಿಸ್ ಮತ್ತು ಕಣ್ಣಿನ ಮುಂದಿನ ಗಾಜಿನಂಥ ಪದರವಾದ ಕಾರ್ನಿಯಾ ಕೂಡುವ ಮೂಲೆಯಲ್ಲಿರುವ ಜರಡಿಯಂಥ ಜಾಲದಿಂದ ಸೋಸಿ ಹೊರಹೋಗುತ್ತದೆ. ಆ ಮೂಲೆಯನ್ನೇ ವೈದ್ಯರು ‘ಕೋನ’ ಎನ್ನುತ್ತಾರೆ. ಕೆಲವರ ಕಣ್ಣು ಹುಟ್ಟಿನಿಂದಲೇ ಚಿಕ್ಕದು. ವಯಸ್ಸಾದಂತೆ ಒಳಗಿನ ಮಸೂರ ದಪ್ಪವಾಗುತ್ತದೆ, ಪಾಪೆಯ ಹಿಂಬದಿಗೆ ಒತ್ತಿಕೊಳ್ಳುತ್ತದೆ. ಆಗ ದ್ರವ ಮುಂದಕ್ಕೆ ಬರಲಾರದೆ ಐರಿಸ್‌ನ ಹಿಂದೆಯೇ ಕಟ್ಟಿಕೊಂಡು ಅದನ್ನು ಹಾಯಿಯಂತೆ ಮುಂದಕ್ಕೆ ಉಬ್ಬಿಸುತ್ತದೆ. ಉಬ್ಬಿದ ಐರಿಸ್ ಹೋಗಿ ತೂಬಿಗೇ ಅಡ್ಡಲಾಗಿ ಕೂರುತ್ತದೆ. ನೀರು ಊರುವುದು ನಿಲ್ಲುವುದಿಲ್ಲ, ಹೋಗುವ ದಾರಿ ಇಲ್ಲ. ಕಣ್ಣಿನ ಒತ್ತಡ ಏರುತ್ತದೆ.

ಸಾಮಾನ್ಯ ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸ. ಕೋನ ಒಮ್ಮೆಲೇ ಮುಚ್ಚಿದರೆ ಅದು 50ನ್ನೂ ದಾಟಬಹುದು. ಕಣ್ಣು ಕೆಂಪಾಗುತ್ತದೆ, ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಾಣುತ್ತದೆ, ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ. ವಾಂತಿ ಬಂತೆಂದರೆ ನಮ್ಮ ಊರುಗಳಲ್ಲಿ ಅದು ಪಿತ್ತ. ಲಿಂಬೆಹಣ್ಣು, ಜೀರಿಗೆ ಕಷಾಯ, ಅಂಗಡಿಯ ತಲೆನೋವಿನ ಗುಳಿಗೆಗಳಲ್ಲಿ ಎರಡು ದಿನ ಕಳೆಯುತ್ತವೆ. ದೃಷ್ಟಿನರಕ್ಕೆ ಆ ಎರಡು ದಿನಗಳೇ ದುಬಾರಿ. ಇಷ್ಟಾದರೂ ಹೀಗೆ ಆರ್ಭಟಿಸಿ ಬರುವುದು ಕಡಿಮೆ ಜನರಲ್ಲಿ. ಭಾರತದಲ್ಲಿ ಕೋನ ಮುಚ್ಚುವ ಗ್ಲಾಕೋಮಾದ ಬಹುಪಾಲು ಸದ್ದಿಲ್ಲದೆ, ನೋವಿಲ್ಲದೆ, ಸುತ್ತಲಿನ ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ಹೋದ ನೋಟ ಮರಳಿ ಬರುವುದಿಲ್ಲ.

ನಮ್ಮ ದೇಶದಲ್ಲಿ 40 ದಾಟಿದ ಸುಮಾರು 1.12 ಕೋಟಿ ಜನರಿಗೆ ಗ್ಲಾಕೋಮಾ ಇದೆ ಎಂದು 2010ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅದರಲ್ಲಿ ಕೋನ ಮುಚ್ಚಿದ ಬಗೆ ಸುಮಾರು 25 ಲಕ್ಷ. ರೋಗಕ್ಕೆ ಇನ್ನೂ ತಿರುಗದ, ಆದರೆ ಕೋನ ಇಕ್ಕಟ್ಟಾಗಿರುವವರನ್ನೂ ಸೇರಿಸಿದರೆ ಲೆಕ್ಕ 2.76 ಕೋಟಿಗೆ ಏರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪ್ಲಸ್ ನಂಬರಿನ ಕನ್ನಡಕದವರಲ್ಲಿ ಹೆಚ್ಚು, ಒಡಹುಟ್ಟಿದವರಿಗೆ ಇದ್ದರೆ ಇನ್ನೂ ಹೆಚ್ಚು.

ಇನ್ನು ಲೇಸರ್. ಉಪಾಯ ಸರಳ: ತೂಬಿಗೆ ಅಡ್ಡ ಕೂತ ಪರದೆಯಲ್ಲಿ ಒಂದು ಸಣ್ಣ ತೂತು ಕೊರೆದರೆ ಹಿಂದಿನ ನೀರು ಅಲ್ಲಿಂದಲೇ ಮುಂದಕ್ಕೆ ಬರುತ್ತದೆ, ಐರಿಸ್ ಹಿಂದಕ್ಕೆ ಸರಿಯುತ್ತದೆ. 1857ರಲ್ಲಿ ಜರ್ಮನಿಯ ಫಾನ್ ಗ್ರೇಫೆ ಕತ್ತರಿಯಿಂದ ಐರಿಸ್‌ನ ಚೂರೊಂದನ್ನು ತೆಗೆದು ಇದೇ ಕೆಲಸ ಮಾಡಿದ್ದ. ನೂರಕ್ಕೂ ಹೆಚ್ಚು ವರ್ಷ ಕತ್ತರಿಯೇ ನಡೆಯಿತು; 1980ರ ದಶಕದಿಂದ ಅದರ ಜಾಗಕ್ಕೆ ಲೇಸರ್ ಬಂತು. ಈಗ ಹೆಚ್ಚಾಗಿ ಬಳಸುವುದು ಯಾಗ್ ಲೇಸರ್. ಪೊರೆ ತೆಗೆಸಿಕೊಂಡವರಿಗೆ ಕೆಲ ವರ್ಷದ ಮೇಲೆ ಮತ್ತೆ ಮಂಜು ಕವಿದರೆ ಅದನ್ನು ತೆರೆಯುವುದೂ ಇದೇ ಯಂತ್ರದಿಂದ.

ಕೆಲಸ ನಡೆಯುವ ಬಗೆ ಹೀಗೆ. ಮೊದಲು ಪೈಲೋಕಾರ್ಪಿನ್ ಹನಿ ಹಾಕಿ ಪಾಪೆಯನ್ನು ಸಣ್ಣದು ಮಾಡುತ್ತಾರೆ. ಆಗ ಐರಿಸ್ ಬಿಗಿಯಾಗಿ ಎಳೆದ ಬಟ್ಟೆಯಂತೆ ತೆಳುವಾಗುತ್ತದೆ. ಒತ್ತಡ ಜಿಗಿಯದಂತೆ ಬ್ರಿಮೋನಿಡಿನ್‌ನಂಥ ಹನಿ ಹಾಕುತ್ತಾರೆ, ಮರಗಟ್ಟಿಸುವ ಹನಿ ಹಾಕುತ್ತಾರೆ. ರೋಗಿ ಸ್ಲಿಟ್ ಲ್ಯಾಂಪ್ ಎಂಬ, ಕಣ್ಣನ್ನು ಹಿಗ್ಗಿಸಿ ತೋರಿಸುವ ದೀಪದ ಯಂತ್ರದ ಮುಂದೆ ಗದ್ದ ಊರಿ ಕೂರುತ್ತಾರೆ. ಕಣ್ಣಿನ ಮೇಲೆ ವಿಶೇಷ ಲೆನ್ಸ್ ಒಂದನ್ನು ಇಡುತ್ತಾರೆ. ಅದು ರೆಪ್ಪೆಗಳನ್ನು ಅಗಲಿಸಿ ಹಿಡಿಯುತ್ತದೆ, ಕಿರಣವನ್ನು ಒಂದು ಚುಕ್ಕೆಗೆ ಕೂಡಿಸುತ್ತದೆ. ಐರಿಸ್‌ನ ಅಂಚಿನ ಕಡೆ, ತೆಳುವಾದ ಒಂದು ಕುಳಿಯನ್ನು ಹುಡುಕಿ ಗುರಿಯಿಡುತ್ತಾರೆ. ಟಕ್ ಎಂಬ ಸದ್ದು, ಇರುವೆ ಕಚ್ಚಿದಂಥ ಚುರುಕು. ಪದರ ಪೂರ್ತಿ ತೂತಾದಾಗ ಹಿಂದೆ ಕಟ್ಟಿದ್ದ ನೀರು ಬಣ್ಣದ ಕಣಗಳನ್ನು ಹೊತ್ತು ಹೊಗೆಯಂತೆ ಮುಂದಕ್ಕೆ ನುಗ್ಗುತ್ತದೆ. ಕಲಿಯುವವರಿಗೆ ಗುರುಗಳು ಮೊದಲು ತೋರಿಸಿಕೊಡುವ ಗುರುತು ಅದೇ. ಅಲ್ಲಿಗೇ ಕೈ ನಿಲ್ಲಬೇಕು. ಆ ಮೇಲೂ ಹೊಡೆತ ಬಿದ್ದರೆ ಅದು ಹಿಂದಿನ ಮಸೂರಕ್ಕೆ ತಗಲುತ್ತದೆ.

ನಮ್ಮವರ ಕಣ್ಣು ಕಂದು. ಕಂದು ಐರಿಸ್ ದಪ್ಪ, ಬಣ್ಣದ ಕಣಗಳೂ ಹೆಚ್ಚು. ನೀಲಿ ಕಣ್ಣಿಗೆ ಸಾಕಾಗುವ ಶಕ್ತಿ ಇಲ್ಲಿ ಸಾಲದು. ಹೊಡೆತ ಹೆಚ್ಚಿದಷ್ಟೂ ಉರಿಯೂತ, ಕಣಗಳು ಜರಡಿಗೆ ಸಿಕ್ಕಿ ಏರುವ ಒತ್ತಡ, ಸಣ್ಣ ರಕ್ತಸ್ರಾವ, ಕಾರ್ನಿಯಾಕ್ಕೆ ಚುರುಕು ಇವೆಲ್ಲ ಹೆಚ್ಚು. ಹೊಸಬರ ಕೈ ಗುರಿ ತಪ್ಪಿಸಿದರೆ, ಫೋಕಸ್ ಕೂದಲೆಳೆಯಷ್ಟು ಹಿಂದೆ ಮುಂದೆ ಆದರೆ, ಹತ್ತು ಹೊಡೆತದಲ್ಲಿ ಆಗುವುದು ಮೂವತ್ತಕ್ಕೆ ಹೋಗುತ್ತದೆ. ಹೊಸ ಕೈಯ ಬೆಲೆ ಏನೆಂದು ಕೇಳಿದರೆ ಮುಖ್ಯವಾಗಿ ಇದೇ. ರಕ್ತ ಜಿನುಗಿದರೆ ಅದೇ ಲೆನ್ಸನ್ನು ಕಣ್ಣಿಗೆ ಕೆಲ ಕ್ಷಣ ಮೆಲ್ಲಗೆ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಉರಿಯೂತಕ್ಕೆ ಒಂದು ವಾರದ ಸ್ಟೀರಾಯ್ಡ್ ಹನಿ ಇದೆ. ಬೆಳಕಿನ ಗೆರೆಯೊಂದು ಕಾಣುವ ತೊಂದರೆ ಕೆಲವರಿಗೆ ಬರುತ್ತದೆ. ಅದು ಅನುಭವಿಗಳು ಮಾಡಿದರೂ ಬರುವಂಥದ್ದು. ಪಕ್ಕದಲ್ಲಿ ತಿಳಿದವರೊಬ್ಬರು ನಿಂತಿದ್ದರೆ ಹೊಸ ಕೈ ತರುವ ಹೆಚ್ಚಿನ ತೊಂದರೆಗಳು ಅಲ್ಲೇ ತಿದ್ದಿಕೊಳ್ಳುವಂಥವು.

ತಿದ್ದಿಕೊಳ್ಳಲಾಗದ ತಪ್ಪುಗಳು ಬೇರೆ ಕಡೆ ಇವೆ. ಯಾರಿಗೆ ಈ ತೂತು ಬೇಕು ಎಂಬುದನ್ನು ಹೇಳುವುದು ಗೋನಿಯೋಸ್ಕೋಪಿ ಎಂಬ ಪರೀಕ್ಷೆ. ಕನ್ನಡಿಗಳಿರುವ ಲೆನ್ಸನ್ನು ಕಣ್ಣಿಗಿಟ್ಟು, ನೇರವಾಗಿ ಕಾಣದ ಆ ಮೂಲೆಯನ್ನು ಕನ್ನಡಿಯಲ್ಲಿ ನೋಡುವುದು. ಮಂದ ಬೆಳಕಿನಲ್ಲಿ ನೋಡಬೇಕು. ಬೆಳಕು ಪಾಪೆಗೆ ಬಿದ್ದರೆ ಅದು ಕಿರಿದಾಗಿ ಕೋನ ತೆರೆದಂತೆ ತೋರುತ್ತದೆ. ಲೆನ್ಸನ್ನು ತುಸು ಒತ್ತಿ ಹಿಡಿದರೂ ಮೂಲೆಯ ರೂಪವೇ ಬದಲಾಗುತ್ತದೆ. ತಿಂಗಳುಗಟ್ಟಲೆ ನೋಡಿ ನೋಡಿ ಪಳಗಬೇಕಾದ ವಿದ್ಯೆ ಅದು. ಓಪಿಡಿಯಲ್ಲಿ ಒಬ್ಬರ ಹಿಂದೆ ನೂರು ಜನ ನಿಂತಿರುವಾಗ ಮೊದಲು ಬಿಟ್ಟುಹೋಗುವ ಪರೀಕ್ಷೆಯೂ ಅದೇ. ಬಿಟ್ಟುಹೋದರೆ ಎರಡು ಬಗೆಯ ಕೇಡು: ಕೋನ ಮುಚ್ಚಿದವರನ್ನು ತೆರೆದ ಕೋನದವರೆಂದು ತಿಳಿದು ವರ್ಷಗಟ್ಟಲೆ ಬರೀ ಹನಿ ಹಾಕಿಸುವುದು ಒಂದು, ಬೇಡವಾದ ಕಣ್ಣಿಗೆ ತೂತು ಕೊರೆಯುವುದು ಇನ್ನೊಂದು.

ಎರಡನೆಯದರ ಬಗ್ಗೆ ಕೆಲವು ವರ್ಷಗಳಿಂದ ತಿಳಿವಳಿಕೆ ಬಹಳ ಬದಲಾಗಿದೆ. ಚೀನಾದ ಗುವಾಂಗ್‌ಝೌನಲ್ಲಿ, ಎರಡೂ ಕಣ್ಣಿನ ಕೋನ ಇಕ್ಕಟ್ಟಾಗಿದ್ದ, ಆದರೆ ರೋಗ ಹುಟ್ಟಿರದ 889 ಜನರಲ್ಲಿ ಒಂದು ಕಣ್ಣಿಗೆ ಮಾತ್ರ ಲೇಸರ್ ಮಾಡಿ, ಇನ್ನೊಂದನ್ನು ಹಾಗೆಯೇ ಬಿಟ್ಟು ಆರು ವರ್ಷ ಕಾದು ನೋಡಿದರು. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲ ಪ್ರಕಟವಾಯಿತು. ಸಾವಿರ ಕಣ್ಣುಗಳಿಗೆ ವರ್ಷವೊಂದಕ್ಕೆ ಲೆಕ್ಕ ಹಾಕಿದರೆ, ಲೇಸರ್ ಆದ ಕಣ್ಣುಗಳಲ್ಲಿ ಸುಮಾರು 4, ಆಗದ ಕಣ್ಣುಗಳಲ್ಲಿ ಸುಮಾರು 8 ಮುಂದಿನ ಹಂತಕ್ಕೆ ಜಾರಿದ್ದವು. ಲೇಸರ್ ಅಪಾಯವನ್ನು ಅರ್ಧಕ್ಕೆ ಇಳಿಸುತ್ತದೆ, ನಿಜ. ಆದರೆ ಅಪಾಯವೇ ಅಷ್ಟು ಸಣ್ಣದಾಗಿರುವಾಗ ಕೋನ ಇಕ್ಕಟ್ಟಾದ ಎಲ್ಲರಿಗೂ ಲೇಸರ್ ಮಾಡಬೇಕಿಲ್ಲ ಎಂದು ಸಂಶೋಧಕರು ಹೇಳಿದರು.

ಇದನ್ನು ಹಾಗೆಯೇ ಎತ್ತಿ ನಮ್ಮ ನೆಲಕ್ಕೆ ನೆಡಲಾಗದು. 2003ರಲ್ಲಿ ಪ್ರಕಟವಾದ ವೆಲ್ಲೂರಿನ ಅಧ್ಯಯನದಲ್ಲಿ ಇಂಥವರಲ್ಲಿ ಶೇ 22ರಷ್ಟು ಜನ ಐದು ವರ್ಷದಲ್ಲಿ ಮುಂದಿನ ಹಂತಕ್ಕೆ ಹೋಗಿದ್ದರು. ಅಲ್ಲಿ ನೋಡಿದ್ದು ಸಣ್ಣ ಗುಂಪನ್ನು ಎಂಬುದನ್ನು ಮರೆಯಬಾರದು, ಆದರೆ ಎಚ್ಚರಿಸುವಷ್ಟು ದೊಡ್ಡ ವ್ಯತ್ಯಾಸವದು. ಗುವಾಂಗ್‌ಝೌನಲ್ಲಿ ಪಾಲ್ಗೊಂಡವರನ್ನು ಮತ್ತೆ ಮತ್ತೆ ಕರೆದು ನೋಡಿದರು. ಗಜೇಂದ್ರಗಡದ ಹಳ್ಳಿಯ ಅಜ್ಜಿಗೆ ‘ಆರು ತಿಂಗಳಿಗೊಮ್ಮೆ ಬಾ’ ಎಂದರೆ ಬರುವಳೇ? ಒಡಹುಟ್ಟಿದವರು ದೃಷ್ಟಿ ಕಳೆದುಕೊಂಡಿದ್ದರೆ, ಸಕ್ಕರೆ ಕಾಯಿಲೆಯಿಂದಾಗಿ ಪಾಪೆ ಅಗಲಿಸುವ ಹನಿಯನ್ನು ಆಗಾಗ ಹಾಕಿಸಿಕೊಳ್ಳಬೇಕಿದ್ದರೆ, ಮತ್ತೆ ಬರುವ ಭರವಸೆ ಇಲ್ಲದಿದ್ದರೆ, ಆಗ ಲೇಸರ್ ಮಾಡಿಬಿಡುವುದೇ ಮೇಲು ಎಂದು ಅನೇಕ ತಜ್ಞರು ಈಗಲೂ ನಿರ್ಧರಿಸುತ್ತಾರೆ. ಜೊತೆಗೆ 2016ರ ‘ಈಗಲ್’ ಅಧ್ಯಯನದ ಪಾಠವೂ ಇದೆ: 50 ದಾಟಿದವರಲ್ಲಿ ಕೋನ ಮುಚ್ಚಿ ಒತ್ತಡ ಬಹಳ ಏರಿದ್ದರೆ, ಅಥವಾ ಆಗಲೇ ಗ್ಲಾಕೋಮಾ ಆಗಿದ್ದರೆ, ಮಸೂರವನ್ನೇ ತೆಗೆದು ಕೃತಕ ಮಸೂರ ಕೂರಿಸುವುದು ಲೇಸರ್‌ಗಿಂತ ಒಳ್ಳೆಯ ಫಲ ಕೊಟ್ಟಿತು. ಪೊರೆಯ ಶಸ್ತ್ರಚಿಕಿತ್ಸೆ ಇಷ್ಟು ಸುಲಭವಾಗಿ ಸಿಗುವ ನಮ್ಮ ಭಾಗದಲ್ಲಿ ಇದು ಬಹಳ ತೂಕದ ಮಾತು.

ಯಾರಿಗೆ ಕಾಯುವುದು, ಯಾರಿಗೆ ಲೇಸರ್, ಯಾರಿಗೆ ಪೊರೆ ತೆಗೆಯುವುದು? ಎರಡನೆಯ ವರ್ಷದ ಪಿಜಿ ಒಬ್ಬರೇ ಕೂತು ತೀರ್ಮಾನಿಸುವ ಪ್ರಶ್ನೆ ಇದಲ್ಲ. ಇಲ್ಲಿ ದೊಡ್ಡ ಡಾಕ್ಟರು ಬೇಕೇ ಬೇಕು. ಲೇಸರ್ ಕೋಣೆಯಲ್ಲಿ ಅವರಿಲ್ಲವೆಂದು ಜಗಳ ತೆಗೆಯುವ ನಾವು, ಗೋನಿಯೋಸ್ಕೋಪಿಯನ್ನು ಅವರು ಸ್ವತಃ ನೋಡಿ ಚೀಟಿಯಲ್ಲಿ ಬರೆದರೇ ಎಂದು ಕೇಳುವುದೇ ಇಲ್ಲ.

ಲೆಕ್ಕದ ಇನ್ನೊಂದು ಅಪಾಯವಿದೆ. ಅಮೆರಿಕದಲ್ಲಿ ನೇತ್ರಶಾಸ್ತ್ರದ ತರಬೇತಿ ಮುಗಿಸಲು ಕನಿಷ್ಠ 4 ಇಂಥ ಲೇಸರ್ ಮಾಡಿರಬೇಕು; ಪೊರೆಯ ಶಸ್ತ್ರಚಿಕಿತ್ಸೆಯ ಕನಿಷ್ಠ 86. ನಮ್ಮಲ್ಲಿಯೂ ಪಿಜಿಗಳು ತಾವು ಮಾಡಿದ್ದನ್ನು ಲಾಗ್‌ಬುಕ್‌ನಲ್ಲಿ ಬರೆದು ಸಹಿ ಹಾಕಿಸಬೇಕು. ಲೆಕ್ಕ ಬೇಕು, ಅದಿಲ್ಲದಿದ್ದರೆ ಒಂದೂ ಮಾಡದೆ ಪದವಿ ಪಡೆಯುವವರು ಹುಟ್ಟುತ್ತಾರೆ. ಆದರೆ ಸಂಖ್ಯೆ ಮಾತ್ರ ಎಣಿಸಿದರೆ, ಲೇಸರ್ ಬೇಡದ ಇಕ್ಕಟ್ಟು ಕೋನದ ಕಣ್ಣೇ ಸಂಖ್ಯೆ ತುಂಬಲು ಸುಲಭದ ಕಣ್ಣಾಗಿಬಿಡುತ್ತದೆ. ಲಾಗ್‌ಬುಕ್‌ನಲ್ಲಿ ಎಷ್ಟು ಲೇಸರ್ ಎಂಬುದರ ಪಕ್ಕದಲ್ಲೇ ಎಷ್ಟು ಗೋನಿಯೋಸ್ಕೋಪಿ, ಅದರಲ್ಲಿ ಎಷ್ಟಕ್ಕೆ ಗುರುಗಳ ಕಣ್ಣಿಗೂ ಅದೇ ಕಂಡಿತು ಎಂಬ ಸಾಲು ಇರಬೇಕೆಂದು ನಾನು ಕೇಳುತ್ತೇನೆ. ‘ಬೇಡ’ ಎಂದು ತೀರ್ಮಾನಿಸಿದ ಕಣ್ಣೂ ಕಲಿಕೆಯೇ.

ಕಲಿಯುವುದೇ ಬೇಡ ಎನ್ನುವವರೂ ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟು: ಇಂದಿನ ಪಿಜಿ ಮೂರು ವರ್ಷದ ನಂತರ ರಾಣೆಬೆನ್ನೂರಿನಲ್ಲೋ ಲಕ್ಷ್ಮೇಶ್ವರದಲ್ಲೋ ಒಬ್ಬರೇ ಕೂರುವ ಕಣ್ಣಿನ ಡಾಕ್ಟರು. ರಾತ್ರಿ ಎಂಟಕ್ಕೆ ಕೆಂಪು ಕಣ್ಣು, ವಾಂತಿಯೊಂದಿಗೆ ಒಬ್ಬರು ಬಂದಾಗ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಗುರುಗಳ ಎದುರು ಕಲಿಯದಿದ್ದರೆ ಅಲ್ಲಿ, ಆ ಕಣ್ಣಿನ ಮೇಲೆ, ಒಂಟಿಯಾಗಿ ಕಲಿಯಬೇಕಾಗುತ್ತದೆ.

ಕಲಿಸುವ ದಾರಿಗಳೂ ದುಬಾರಿಯಲ್ಲ. ಆಡಿನ ಕಣ್ಣಿನ ಮೇಲೆ ಪೊರೆಯ ಶಸ್ತ್ರಚಿಕಿತ್ಸೆಯ ಅಭ್ಯಾಸ ನಮ್ಮ ದೇಶದಲ್ಲಿ ಹಳೆಯದು. ಗುರಿ ಮತ್ತು ಫೋಕಸ್‌ನ ಅಭ್ಯಾಸಕ್ಕೂ ಅದು ಆಗುತ್ತದೆ. ಸ್ಲಿಟ್ ಲ್ಯಾಂಪಿಗೆ ಪಕ್ಕದಿಂದ ನೋಡುವ ಕೊಳವೆಯೊಂದನ್ನು ಜೋಡಿಸಿದರೆ ಪಿಜಿ ನೋಡುವುದನ್ನೇ ಗುರುಗಳೂ ನೋಡುತ್ತ ‘ನಿಲ್ಲಿಸು’ ಎನ್ನಬಹುದು. ಬೆನ್ನ ಹಿಂದೆ ನಿಂತು ನೋಡುವುದಕ್ಕೂ ಇದಕ್ಕೂ ಅಜಗಜಾಂತರ, ಏಕೆಂದರೆ ಬೆನ್ನ ಹಿಂದೆ ನಿಂತವರಿಗೆ ಕಾಣುವುದು ವಿದ್ಯಾರ್ಥಿಯ ತಲೆ ಮಾತ್ರ.

ಈಗ ನಮ್ಮ ದೊಡ್ಡವ್ವನ ಮಾತು. ರೋಣ ತಾಲ್ಲೂಕಿನ ಹಳ್ಳಿಯವಳು, ವಯಸ್ಸು 62. ಬಲಗಣ್ಣಿಗೆ ಹೀಗೆಯೇ ‘ಪಿತ್ತ’ ಬಂದು, ಎರಡನೆಯ ದಿನ ಕಾಣಿಸುವುದೇ ಮಂದವಾದಾಗ ನಾವು ಆಕೆಯನ್ನು ಒಂದು ಆಸ್ಪತ್ರೆಗೆ ಒಯ್ದೆವು. ಗುಳಿಗೆ, ಸಲೈನ್, ಹನಿಗಳಿಂದ ಒತ್ತಡ ಇಳಿಸಿ, ಕಾರ್ನಿಯಾ ತಿಳಿಯಾದ ಮೇಲೆ ಲೇಸರ್ ಮಾಡಿದರು. ಮಾಡಿದ್ದು ಒಬ್ಬ ಎಳೆಯ ಪಿಜಿ ಡಾಕ್ಟರು. ಹೊರರಾಜ್ಯದ ಹುಡುಗಿ. ಸರ್ಕಾರಿ ಕಾಲೇಜುಗಳ ಪಿಜಿ ಸೀಟುಗಳಲ್ಲಿ ಅರ್ಧದಷ್ಟು ಅಖಿಲ ಭಾರತ ಕೋಟಾಕ್ಕೆ ಹೋಗುವುದರಿಂದ ಇದು ಎಲ್ಲ ಕಡೆಯ ಸಂಗತಿ. ‘ಮೇಲೆ ನೋಡಿ, ಅಲುಗಾಡಬೇಡಿ’ ಎಂಬಷ್ಟು ಕನ್ನಡವನ್ನು ಆಕೆ ಅಕ್ಕರೆಯಿಂದ ಕಲಿತಿದ್ದಳು. ಕೈ ಚೆನ್ನಾಗಿತ್ತು. ‘ಹೂವು ಕಟ್ಟಿದಷ್ಟು ಹಗುರ ಕೈ ಆ ತಂಗಿಯದು’ ಎಂದು ದೊಡ್ಡವ್ವ ಇವತ್ತಿಗೂ ಹೇಳುತ್ತಾಳೆ. ತೂತು ಸರಿಯಾಗಿಯೇ ಬಿದ್ದಿತ್ತು.

ಆದರೆ ಒಂದು ಗಂಟೆ ಕಾಯಬೇಕು, ಮತ್ತೆ ಒತ್ತಡ ಅಳೆಯಬೇಕು ಎಂದು ನಮಗೆ ಯಾರೂ ಹೇಳಲಿಲ್ಲ. ಬಹುಶಃ ಹೇಳಿದ್ದು ಯಾರಿಗೂ ಅರ್ಥವಾಗಲಿಲ್ಲ. ಸಹಿ ಮಾಡಿಸಿದ ಕಾಗದ ಇಂಗ್ಲಿಷಿನಲ್ಲಿತ್ತು. ಊರಿಗೆ ಕೊನೆಯ ಬಸ್ಸು ಸಂಜೆಗೇ. ನಾವು ಹೊರಟುಬಿಟ್ಟೆವು. ಆ ರಾತ್ರಿ ಕಣ್ಣು ಮತ್ತೆ ಕಲ್ಲಿನಂತಾಯಿತು. ಲೇಸರ್ ಆದ ಮೊದಲ ಕೆಲವು ಗಂಟೆಗಳಲ್ಲಿ ಒತ್ತಡ ಜಿಗಿಯುವುದು ಎಲ್ಲ ಪಠ್ಯಪುಸ್ತಕಗಳಲ್ಲೂ ಬರೆದಿರುವ ತೊಂದರೆ. ಮೊದಲೇ ಪೆಟ್ಟು ತಿಂದ ದೃಷ್ಟಿನರ ಅದನ್ನು ತಡೆಯದು. ಬೆಳಗ್ಗೆ ಗದಗಿಗೆ ಓಡಿದೆವು, ಹನಿ ಮತ್ತು ಗುಳಿಗೆಯಿಂದ ಇಳಿಯಿತು. ಎಷ್ಟು ನೋಟ ಮೊದಲ ದಾಳಿಯಲ್ಲಿ ಹೋಯಿತು, ಎಷ್ಟು ಆ ರಾತ್ರಿ ಹೋಯಿತು ಎಂದು ಬೇರ್ಪಡಿಸಿ ಹೇಳಲು ಯಾರಿಂದಲೂ ಆಗುವುದಿಲ್ಲ.

ಒಪ್ಪಿಗೆ ಎಂದರೆ ರೋಗಿ ತಿಳಿದು ಕೊಡುವ ಒಪ್ಪಿಗೆ, ಬರೀ ಸಹಿಯಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಏನು ಮಾಡುತ್ತೇವೆ, ಬೇರೆ ದಾರಿ ಏನಿದೆ, ಅಪಾಯ ಏನು ಎಂಬುದು ರೋಗಿಗೆ ತಿಳಿಯಬೇಕು. ಇದಕ್ಕೆ ನಾನು ಎರಡು ಸಾಲು ಸೇರಿಸುತ್ತೇನೆ: ಮಾಡುವವರು ಯಾರು, ನೋಡಿಕೊಳ್ಳುವವರು ಯಾರು. ‘ಅವ್ವಾ, ನಾನು ಕಲಿಯುತ್ತಿರುವ ಡಾಕ್ಟರು, ನಮ್ಮ ಮೇಡಂ ಪಕ್ಕದಲ್ಲೇ ಇರುತ್ತಾರೆ’ ಎಂದು ಹೇಳಿದರೆ ನಮ್ಮ ಜನ ಎದ್ದು ಹೋಗುತ್ತಾರೆ ಎಂಬ ಭಯ ಆಸ್ಪತ್ರೆಗಳಿಗಿದೆ. ನಾನು ಕಂಡಂತೆ ಹಾಗಾಗುವುದಿಲ್ಲ. ಮಕ್ಕಳನ್ನು ಓದಿಸಲು ಹೊಲ ಮಾರಿದ ಜನ ಇವರು. ಓದುವ ಹುಡುಗಿಯ ಮೇಲೆ ಅವರಿಗೆ ಮುನಿಸಿಲ್ಲ. ಮುಚ್ಚಿಟ್ಟರೆ ಮಾತ್ರ ಸಿಟ್ಟು.

ಒಂದು ಗಂಟೆಯ ಕಾಯುವಿಕೆಯನ್ನು ಗಟ್ಟಿ ಮಾಡಲು ಕಷ್ಟವೇನಿಲ್ಲ. ದೂರದವರ ಲೇಸರನ್ನು ಬೆಳಗಿನ ಹೊತ್ತೇ ಮುಗಿಸಬೇಕು, ಕೊನೆಯ ಬಸ್ಸಿನ ಹೊತ್ತನ್ನು ಕೇಸ್ ಪೇಪರಿನಲ್ಲಿ ಬರೆದುಕೊಳ್ಳಬೇಕು, ಎರಡನೆಯ ಒತ್ತಡದ ಅಂಕಿ ಬರೆಯದೆ ಹನಿಯ ಚೀಟಿ ಕೊಡಬಾರದು. ತೂತು ಬಿದ್ದ ಮಾತ್ರಕ್ಕೆ ರೋಗ ಮುಗಿಯಿತೆಂದು ಮನೆಗೆ ಹೋಗುವವರೂ ಬಹಳ. ಐರಿಸ್ ಮೊದಲೇ ಜರಡಿಗೆ ಅಂಟಿಕೊಂಡಿದ್ದರೆ ತೂತಾದರೂ ಒತ್ತಡ ಇಳಿಯದೆ, ಹನಿಯೋ ಶಸ್ತ್ರಚಿಕಿತ್ಸೆಯೋ ಬೇಕಾಗಬಹುದು. ಅದಕ್ಕೇ ಲೇಸರ್ ಆದ ಮೇಲೂ ಗೋನಿಯೋಸ್ಕೋಪಿ ಮತ್ತೊಮ್ಮೆ ಆಗಬೇಕು.

ಇನ್ನೂ ಹಿಂದಕ್ಕೆ ಹೋದರೆ, ರೋಗ ಆರ್ಭಟಿಸುವ ಮೊದಲೇ ಹಿಡಿಯುವ ದಾರಿ ಹಳ್ಳಿಯಲ್ಲೇ ಇದೆ. ಕಿವಿಯ ಬದಿಯಿಂದ ಕಣ್ಣಿಗೆ ಅಡ್ಡವಾಗಿ ಟಾರ್ಚ್ ಬಿಟ್ಟರೆ, ಮೂಗಿನ ಕಡೆಯ ಐರಿಸ್ ನೆರಳಾಗಿ ಕಂಡರೆ ಕೋನ ಇಕ್ಕಟ್ಟಾಗಿದೆಯೆಂಬ ಸಂಶಯ ಪಡಬೇಕು. ಪೂರ್ತಿ ನಂಬುವಂಥ ಪರೀಕ್ಷೆಯಲ್ಲ, ಆದರೆ ಖರ್ಚಿಲ್ಲದ್ದು. ಮನೆ ಮನೆಗೆ ಹೋಗಿ ಕಣ್ಣು ನೋಡುವ ‘ಆಶಾಕಿರಣ’ ಯೋಜನೆಯ ಮೊದಲ ಹಂತದ ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಕನ್ನಡಕ ಮತ್ತು ಪೊರೆಯ ಪಟ್ಟಿಯ ಜೊತೆ ಈ ಟಾರ್ಚಿನ ನೆರಳೂ ಸೇರಿದರೆ ಎಷ್ಟೋ ದೊಡ್ಡವ್ವಂದಿರು ಪಿತ್ತದ ಕಷಾಯ ಕುಡಿಯುವ ಮೊದಲೇ ಗದಗಿನ, ಹಾವೇರಿಯ ಆಸ್ಪತ್ರೆ ತಲುಪಿಯಾರು.

ಒಂದು ಕಣ್ಣಿಗೆ ದಾಳಿಯಾದರೆ ಇನ್ನೊಂದಕ್ಕೂ ಆಗುವ ಸಂಭವ ಹೆಚ್ಚಿರುವುದರಿಂದ ಅದಕ್ಕೂ ಲೇಸರ್ ಮಾಡುವುದು ವಾಡಿಕೆ. ಮೂರು ವಾರದ ಮೇಲೆ ದೊಡ್ಡವ್ವನ ಎಡಗಣ್ಣಿನ ಸರದಿ ಬಂತು, ಬೇರೆ ಆಸ್ಪತ್ರೆಯಲ್ಲಿ. ಅಲ್ಲಿಯೂ ಮಾಡಿದ್ದು ಪಿಜಿಯೇ, ಸೊರಗಿದ ಮುಖದ ಒಬ್ಬ ಹುಡುಗ. ಆತನಿಗಿಂತ ಮೊದಲು ಹಿರಿಯ ವೈದ್ಯೆಯೊಬ್ಬರು ದೀಪ ಆರಿಸಿ, ಲೆನ್ಸ್ ಇಟ್ಟು ಬಹಳ ಹೊತ್ತು ಮೂಲೆ ನೋಡಿದರು. ಆಮೇಲೆ ಆತನಿಗೆ ನೋಡಲು ಹೇಳಿ, ಏನು ಕಂಡಿತೆಂದು ಕೇಳಿ, ತಿದ್ದಿದರು. ಲೇಸರ್ ಮುಗಿಯುವವರೆಗೆ ಪಕ್ಕದ ಕೊಳವೆಯಿಂದ ಅವರ ಕಣ್ಣು ಕದಲಲಿಲ್ಲ. ‘ಇಬ್ಬರೂ ಸೇರಿ ನೋಡಿದರು’ ಎಂದು ದೊಡ್ಡವ್ವ ಹೊರಗೆ ಬಂದು ಸಮಾಧಾನದಿಂದ ಹೇಳಿದಳು. ಹನ್ನೊಂದಕ್ಕೆ ಲೇಸರ್, ಹನ್ನೆರಡು ಹತ್ತಕ್ಕೆ ಒತ್ತಡ 16. ಬೆಂಚಿನ ಮೇಲೆ ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಎರಡು ಗಂಟೆಯ ಬಸ್ಸಿಗೆ ಊರ ದಾರಿ ಹಿಡಿದೆವು.